ವಿಮಾನದ ಅಂಕೆ

ರೇಲ್ವೆ ಸ್ಟೇಶನ್ನಿನ ಮಗ್ಗುಲಲ್ಲಿರುವ ನಮ್ಮ ಮಾಳಮಡ್ಡಿಯವರಿಗೆ ಗಾಡಿಯೆಂದರೆ ಹೆಸರು. ‘ಚೆನ್ನಮ್ಮ ಬಂತೇನು?’ ಎಂದರೆ ಮುಗಿಯಿತು. ಅದರ ಐದಂಕಿಯ ನಂಬರು ಯಾರಿಗೆ ಬೇಕು? ಆದರೆ ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ಈ ರೂಢಿ ನಡೆಯದು. ಅಲ್ಲಿ ಅಂಕೆಯೇ ಎಲ್ಲ. ಮೊದಲು ಕಂಪನಿಯ ಗುರುತು: ‘6ಇ’ ಎಂದರೆ ಇಂಡಿಗೊ, ‘ಎಐ’ ಎಂದರೆ ಏರ್ ಇಂಡಿಯಾ. ಮುಂದಿನ ಅಂಕೆ ವಿಮಾನದ್ದೆಂದು ಹಲವರು ತಿಳಿದಿದ್ದಾರೆ. ಅಲ್ಲ, ಅದು ಪ್ರಯಾಣದ್ದು. ವಿಮಾನ ಇಂದು ಒಂದು, ನಾಳೆ ಇನ್ನೊಂದು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ‘ಎಐ 171’ ದುರಂತಕ್ಕೀಡಾದ ಬಳಿಕ ಏರ್ ಇಂಡಿಯಾ ಆ ಅಂಕೆಯನ್ನೇ ಕೈಬಿಟ್ಟಿತು. ಆ ಮಾರ್ಗದ ಪ್ರಯಾಣಕ್ಕೆ ಬೇರೆ ಅಂಕೆ ಬಂತು.

ನನ್ನ ತಕರಾರು ಬೇರೆಯೇ ಇದೆ. ಪರದೇಶದ ಪ್ರಯಾಣದಲ್ಲಿ ಕಂಪನಿಗಳು ಒಪ್ಪಂದ ಮಾಡಿಕೊಂಡು ಒಂದೇ ವಿಮಾನಕ್ಕೆ ಎರಡು ಅಂಕೆ ಕೊಡುವುದುಂಟು. ಟಿಕೀಟು ಮಾರುವವರು ಒಬ್ಬರು, ಹಾರಿಸುವವರು ಇನ್ನೊಬ್ಬರು! ಇದನ್ನು ಸಣ್ಣಕ್ಷರದ ಇಂಗ್ಲಿಷಿನಲ್ಲಿ ಹೇಳಿದರೆ ಸಾಕೇ? ಯಾರ ಕೌಂಟರಿನ ಮುಂದೆ ನಿಲ್ಲಬೇಕೆಂದು ತಿಳಿಯದೆ ಪೆಟ್ಟಿಗೆ ಹಿಡಿದು ಅಲೆಯುವವರು, ಮೊದಲ ಸಲ ಮಗನನ್ನು ಕಾಣಲು ಹೊರಟ ನಮ್ಮ ಮುದುಕರು. ಇಲ್ಲಿ ಮಾರುವ ಟಿಕೀಟಿನ ಮೇಲೆ ಹಾರಿಸುವ ಕಂಪನಿಯ ಹೆಸರನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಮುದ್ರಿಸಲಿ.