ಸ್ಕೋಪ್ ದೂರದ್ದು ತೋರಸ್ತೈತಿ, ಇಟ್ಟ ಕಡೆ ನಿಲ್ತೈತೇನು?

ದುಡ್ಡಿಗೆ ತಕ್ಕ ಮಾಲು, ಕಂತು 6
ಭಾಗ 1/3

ರೀಲ್ಸ್‌ನ್ಯಾಗ ಈಗ ಒಂದ ಹವಾ ನಡದೈತಿ. ಏರ್‌ಗನ್ ಮ್ಯಾಲ ಉದ್ದನ ಸ್ಕೋಪ್, ಗಾಜಿನೊಳಗ ಪ್ಲಸ್ ಗುರುತು, ಹಿಂದ ಸಿನಿಮಾ ಡೈಲಾಗ್. ಕೆಳಗ ನಮ್ಮ ಬೈಲಹೊಂಗಲ, ಸವದತ್ತಿ ಹುಡುಗರ ಕಮೆಂಟ್: "ಅಣ್ಣಾ, ಲಿಂಕ್ ಕಳಸು."

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಲಿಂಕ್ ಒತ್ತಬ್ಯಾಡ್ರಿ. ಸ್ಕೋಪ್ ಕೆಟ್ಟ ವಸ್ತು ಅಂತಲ್ಲ. ಅದರಾಗ ಯಾವುದು ಮುಖ್ಯವೋ ಅದನ್ನ ಬಿಟ್ಟು ಬೇರೆ ಏನೋ ತೋರಿಸಿ ನಮಗ ಮಾರ್ತಾರ.

ಪೆಟ್ಟಿಗಿ ಮ್ಯಾಲ 3-9x40 ಅಂತ ಬರದಿರ್ತೈತಿ. ಅಂದ್ರ 3 ರಿಂದ 9 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಮುಂದಿನ ಗಾಜು 40 ಮಿ.ಮೀ. ಅಗಲ. ಅಷ್ಟೇ. ನಾವು 9 ನೋಡಿ ಖುಷಿ ಆಗ್ತೀವಿ. ಆದರ ಸ್ಕೋಪ್ ಅಂದ್ರ ದುರ್ಬೀನು ಅಲ್ಲ, ಅಳತೆಯ ಸಾಧನ. ತಕ್ಕಡಿ ಇದ್ದಂಗ. ತಕ್ಕಡಿ ಎಷ್ಟ ಹೊಳೀತೈತಿ ಅಂತ ಯಾರೂ ಕೇಳೂದಿಲ್ಲ, ಮುಳ್ಳು ಶೂನ್ಯಕ್ಕ ವಾಪಸ್ ಬರ್ತೈತೋ ಇಲ್ಲೋ ಅಂತ ಕೇಳ್ತಾರ. ಸ್ಕೋಪಿಗೂ ಅದೇ ಪ್ರಶ್ನೆ. ಇವತ್ತು ಹೊಂದಿಸಿದ ಗುರಿ ನಾಳೆ, ನೂರು ಪೆಲೆಟ್ ಆದ ಮ್ಯಾಲ, ಅಲ್ಲೇ ಇರ್ತೈತೇನು? ಇದಕ್ಕ "ಝೀರೋ ಹಿಡಿಯೋದು" ಅಂತಾರ. ಇದು ಪೆಟ್ಟಿಗಿ ಮ್ಯಾಲ ಬರದಿರೂದಿಲ್ಲ.

ಏರ್‌ಗನ್ ವಿಷಯದಾಗ ಇದು ಇನ್ನೂ ಕಠಿಣ. ಸ್ಪ್ರಿಂಗ್ ಇರುವ ಏರ್‌ಗನ್ ಹಗುರ ಆಟಿಗಿ ಅಂತ ತಿಳ್ಕೊಂಡಿರ್ತೀವಿ. ಕುದುರೆ ಒತ್ತಿದಾಗ ಒಳಗಿನ ಪಿಸ್ಟನ್ ಮುಂದ ಓಡ್ತದ, ಬಂದೂಕು ಹಿಂದ ಒದಿತೈತಿ. ಪಿಸ್ಟನ್ ತುದಿಗೆ ಬಂದು ನಿಂತಾಗ ಬಂದೂಕು ಮುಂದಕ್ಕೂ ಜಗ್ತೈತಿ. ಒಂದ ಸಲ ಕುದುರೆ ಒತ್ತಿದ್ರ ಎರಡೂ ದಿಕ್ಕಿಗೆ ಹೊಡೆತ. ಹಿಂದಿನ ಒದೆತ ಅಷ್ಟೇ ತಡೆಯುವಂತೆ ಕಟ್ಟಿದ ಸ್ಕೋಪ್ ಈ ಮುಂದಿನ ಜಗ್ಗಿಗೆ ಸಡಿಲಾಗುತ್ತದೆ. ಒಳಗಿನ ಗಾಜು ಅಲುಗ್ತದ, ಪ್ಲಸ್ ಗುರುತು ಓರೆ ಆಗ್ತದ. ಅದಕ್ಕ "ದೊಡ್ಡ ರೈಫಲ್ಲಿಗೇ ನಡೀತೈತಿ, ಏರ್‌ಗನ್ ಏನ್ ಲೆಕ್ಕ" ಅನ್ನೋ ಮಾತು ತಲೆಕೆಳಗು.

ಭಾಗ 2/3

ರಾಮದುರ್ಗದ ನೇಕಾರರ ಮನಿಯ ನಮ್ಮ ಕ್ಲಾಸ್‌ಮೇಟ್ ಒಬ್ಬ ಅದಾನ. ಶೂಟಿಂಗ್ ಕಲಿಬೇಕು, ಮುಂದ ಸೇನೆಗೆ ಹೋಗಬೇಕು ಅಂತ ಆಸೆ. ರಜಾದಾಗ ದುಡಿದ ದುಡ್ಡಿನ್ಯಾಗ 2,300 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಸ್ಕೋಪ್ ತರಿಸಿದ. ಪಾರ್ಸಲ್ ಬಿಚ್ಚಿದ ದಿನ ಐದು ಸ್ಟಾರ್ ಕೊಟ್ಟ. ಮೂರನೇ ವಾರದಾಗ ಗುರಿ ಎಡಕ್ಕ ಸರೀಲಿಕ್ಕೆ ಶುರು ಆತು. ಅಷ್ಟೊತ್ತಿಗೆ ವಾಪಸ್ ಕೊಡೋ 7 ದಿನ ಮುಗದಿತ್ತು. ಅವನ ಐದು ಸ್ಟಾರ್ ಮಾತ್ರ ಇವತ್ತಿಗೂ ಅಲ್ಲೇ ಹೊಳಿಯಾಕತ್ತೈತಿ, ಮುಂದಿನವನನ್ನ ಕರೆಯಾಕತ್ತೈತಿ.

ನನ್ನ ತಕರಾರು ಇಲ್ಲೇ ಐತಿ. ಪಾರ್ಸಲ್ ಬಿಚ್ಚಿದ ದಿನ ಬರಿಯೋ ರಿವ್ಯೂ ಪೆಟ್ಟಿಗೆಯ ಗುಣ ಹೇಳುತ್ತದೆ, ಬಾಳಿಕೆಯ ಗುಣ ಅಲ್ಲ. ಸೀರಿ ಬಣ್ಣ ಅಂಗಡ್ಯಾಗ ಗೊತ್ತಾಗೂದಿಲ್ಲ, ಮೊದಲನೇ ಸಲ ತೊಳದಾಗ ಗೊತ್ತಾಗ್ತೈತಿ. ಅವನ ಅವ್ವನೇ ಈ ಮಾತು ಅಂದರು.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಇದನ್ನ ಬರೆದರು. ಒಳ್ಳೆ ಮಾಲು ಯಾವುದು, ಕೆಟ್ಟದ್ದು ಯಾವುದು ಅಂತ ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಒಳ್ಳೆಯದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಆಗ ಒಳ್ಳೆ ಮಾಲು ತಯಾರಿಸುವವನೇ ಪೇಟೆ ಬಿಟ್ಟು ಹೋಗ್ತಾನ. ನಮ್ಮ ಸ್ಕೋಪ್ ಪೇಟೆ ಹಂಗೇ ಆಗೇತಿ.

ಈಗಾಗಲೇ ತಗೊಂಡವರಿಗೆ ಎರಡು ಪರೀಕ್ಷೆ. ವಾಪಸ್ ಕೊಡೋ ದಿನ ಮುಗಿಯೂದ್ರೊಳಗ ಮಾಡ್ರಿ.

ಒಂದು: ಬಂದೂಕು ಅಲುಗದಂಗ ಇಟ್ಟು, ಖಾಲಿ ಐತಿ ಅಂತ ಖಾತ್ರಿ ಮಾಡ್ಕೊಂಡು, ಕಣ್ಣು ಮಾತ್ರ ಆ ಕಡೆ ಈ ಕಡೆ ಸರಿಸ್ರಿ. ಪ್ಲಸ್ ಗುರುತು ಗುರಿಯ ಮ್ಯಾಲ ಓಡಾಡಿದರೆ ಆ ದೂರಕ್ಕೆ ಸ್ಕೋಪ್ ಹೊಂದಿಲ್ಲ. ದೊಡ್ಡ ರೈಫಲ್ಲಿನ ಸ್ಕೋಪುಗಳನ್ನ ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರ್ತಾರ, ನಾವು ಹೊಡಿಯೋದು 10 ಮೀಟರ್.

ಎರಡು: ಗುರುತು ಸರಿಸೋ ತಿರುಪು ಕಾಲು ಮಿನಿಟ್‌ನದು ಅಂತ ಬರೆದಿದ್ದರೆ, 10 ಮೀಟರಿಗೆ ಒಂದು ಕ್ಲಿಕ್ ಅಂದ್ರ ಸುಮಾರು 0.7 ಮಿ.ಮೀ. 40 ಕ್ಲಿಕ್ ಬಲಕ್ಕೆ ತಿರುಗಿಸಿದ್ರ ಗುರಿ ಸುಮಾರು 3 ಸೆಂ.ಮೀ. ಸರಿಬೇಕು. 40 ಮೇಲೆ, 40 ಎಡಕ್ಕೆ, 40 ಕೆಳಗೆ ಮಾಡಿದ ಮ್ಯಾಲ ಮೊದಲಿನ ತೂತಿನ ಹತ್ತಿರವೇ ಬಂದು ಬೀಳಬೇಕು. ಬರಲಿಲ್ಲ ಅಂದ್ರ ತಕ್ಕಡಿ ಸುಳ್ಳು.

ಮಾಲು ಹೇಳಿದಂಗ ಇಲ್ಲ ಅಂದ್ರ ಸುಮ್ಮನ ಕೂಡಬ್ಯಾಡ್ರಿ. ಸರಕು ಮಾರಾಟ ಕಾಯ್ದೆ 1930, ಸೆಕ್ಷನ್ 15 ಮತ್ತು 16, ನಾವೇ ಬಿಕಾಂನಾಗ ಬಾಯಿಪಾಠ ಮಾಡೀವಿ. ವರ್ಣನೆಗೆ ಮಾಲು ಹೊಂದಬೇಕು, ಹೇಳಿ ತಗೊಂಡ ಕೆಲಸಕ್ಕೆ ತಕ್ಕದ್ದಿರಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷ ಇರೋ ಮಾಲನ್ನ ವಾಪಸ್ ತಗೊಳ್ಳಾಕ ಮಾರಾಟಗಾರ ಒಲ್ಲೆ ಅನ್ನುವಂತಿಲ್ಲ. 1915ಕ್ಕೆ ಫೋನ್ ಮಾಡ್ರಿ. ಅಲ್ಲಿ ಬಗೆಹರಿಯಲಿಲ್ಲ ಅಂದ್ರ ನಮ್ಮ ಜಿಲ್ಲಾ ಗ್ರಾಹಕ ಆಯೋಗ ಐತಿ, 5 ಲಕ್ಷದವರೆಗಿನ ಖರೀದಿಗೆ ಫೀ ಇಲ್ಲ. ಬಿಲ್ಲು ಮತ್ತು ಪಾರ್ಸಲ್ ಬಿಚ್ಚಿದ ವಿಡಿಯೋ ಇಟ್ಕೊಂಡಿರ್ರಿ.

ಭಾಗ 3/3

"ಹಂಗಾದ್ರ 20 ಸಾವಿರದ್ದು ತಗೋಬೇಕೇನು?" ಅಂತ ಕೇಳ್ತೀರಿ. ಇಲ್ಲ. ಕಲಿಯೋರಿಗೆ ಸ್ಕೋಪೇ ಬೇಕಿಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ದೊಡ್ಡದು ಮಾಡಿ ತೋರಿಸುವ ಸ್ಕೋಪ್ ನಿಷಿದ್ಧ. ಸಣ್ಣ ತೂತಿನ ಮೂಲಕವೇ ನೋಡಬೇಕು. ಅಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿ.ಮೀ. ಪಕ್ಕದ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್ ಕಂಚು ಗೆದ್ದದ್ದೂ ಸ್ಕೋಪ್ ಇಲ್ಲದೇ. ಎನ್‌ಸಿಸಿ ಫೈರಿಂಗ್‌ನ .22 ರೈಫಲ್ಲಿಗೂ ಸ್ಕೋಪ್ ಇರೂದಿಲ್ಲ. ಇನ್ನ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದ ಕಲೆಕ್ಟರ್ ಥ್ಯಾಕರೆಯನ್ನು ಉರುಳಿಸಿದ ಅಮಟೂರು ಬಾಳಪ್ಪನ ಬಂದೂಕಿನ ಮ್ಯಾಲ ಏನಿತ್ತು ಅಂತ ನಾನು ಹೇಳಬೇಕೇನು?

ಕೊನೀ ಮಾತು, ಇದು ದುಡ್ಡಿಗಿಂತ ದೊಡ್ಡದು. ಕೆಲವರು ಸ್ಕೋಪ್ ತರಸೂದು ಗುರಿ ಹಲಗೆಗೆ ಅಲ್ಲ, ಗೋವಿನಜೋಳದ ಹೊಲಕ್ಕ ಬರೋ ನವಿಲಿಗೆ, ಹಂದಿಗೆ. ಹೊಲದ ನಷ್ಟ ಸುಳ್ಳಲ್ಲ, ನಮ್ಮನಿಯಾಗೂ ಐತಿ. ಆದರ ಏರ್‌ಗನ್ನಿಗೆ ಲೈಸೆನ್ಸ್ ಬ್ಯಾಡ ಅಂದ್ರ ಬೇಟೆಗೆ ಪರವಾನಗಿ ಅಂತಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆಯ ಪ್ರಯತ್ನವೂ ಬೇಟೆಯೇ. ನವಿಲು ಮೊದಲನೇ ಪರಿಶಿಷ್ಟದಲ್ಲಿದೆ, ಶಿಕ್ಷೆ ಕನಿಷ್ಠ 3 ವರ್ಷ ಜೈಲು. ಮ್ಯಾಲ ಝೀರೋ ಹಿಡಿಯದ ಸ್ಕೋಪ್. ಅದು ಸಾಯಿಸೂದಿಲ್ಲ, ಕುಂಟು ಮಾಡ್ತೈತಿ. ನವಿಲುತೀರ್ಥ ಅಂತ ಊರಿಗೆ ಹೆಸರಿಟ್ಟ ತಾಲೂಕಿನ್ಯಾಗ ರೆಕ್ಕಿಗೆ ಪೆಲೆಟ್ ಹೊಕ್ಕ ನವಿಲು ಪೊದಿಯಾಗ ನಾಲ್ಕು ದಿನ ಒದ್ದಾಡಿ ಸತ್ರ, ಅದರ ರಿವ್ಯೂ ಯಾರು ಬರೀತಾರ? ಬೆಳೆ ಹೋಗಿದ್ರ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕ್ರಿ. ನಿಧಾನ ಖರೆ, ಆದರ ಅದು ದಾರಿ.

ಶೂಟಿಂಗ್ ಕಲಿಯೋ ಆಸೆ ಇದ್ದವರು ಆ 2,300 ರೂಪಾಯಿಯನ್ನ ಪೆಲೆಟ್‌ಗೆ ಮತ್ತು ಕಾಗದದ ಟಾರ್ಗೆಟ್‌ಗೆ ಹಾಕ್ರಿ. ಕೈ ಕಲೀತೈತಿ. ಸ್ಕೋಪ್ ಈಗಾಗಲೇ ತಗೊಂಡವರು ಇವತ್ತ ಹೋಗಿ ತಮ್ಮ ರಿವ್ಯೂ ತಿದ್ದಿ, ಎಷ್ಟ ವಾರ ಬಾಳಿತು ಅಂತ ಬರೀರಿ. ಮುಂದ ಲಿಂಕ್ ಒತ್ತೋ ತಮ್ಮನಿಗೆ ಅದು ಉಪಯೋಗ ಆಗ್ತೈತಿ.

#ದುಡ್ಡಿಗೆತಕ್ಕಮಾಲು #ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ಬಿಕಾಂಹುಡುಗರು