ಕಿಟಕಿ ಒಂದೇ, ಬೀಗದ ಕೈ ಒಬ್ಬರ ಸೊಂಟದಲ್ಲೇ!

ಸಿನಿಮಾ ಪತ್ರಿಕೆಯಲ್ಲಿ ಅಮೆರಿಕಾದ ಹಾಡುಗಾರರ ಟಿಕೆಟ್ಟಿನ ಸಮಾಚಾರ ಯಾಕಪ್ಪಾ ಅಂತ ಹುಬ್ಬೇರಿಸಬೇಡಿ, ಗೆಳೆಯರೇ. ಟಿಕೆಟ್ಟಿನ ಕಷ್ಟ ನಮ್ಮ ಗಾಂಧಿ ಕ್ಲಾಸಿನವನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಕೆಂಪೇಗೌಡ ರಸ್ತೆಯ ಥಿಯೇಟರುಗಳ ಮುಂದೆ "ಹತ್ತಕ್ಕೆ ಇಪ್ಪತ್ತು, ಹತ್ತಕ್ಕೆ ಇಪ್ಪತ್ತು" ಅಂತ ಬಾಯಿ ಅಲ್ಲಾಡಿಸದೆ ಕೂಗುತ್ತಿದ್ದವರನ್ನು ನಮ್ಮಲ್ಲಿ ನೋಡದವರು ಯಾರಿದ್ದಾರೆ? ಪೊಲೀಸಿನವರು ಕಂಡರೆ ಓಟ, ಇಂಟರ್‌ವೆಲ್ ಹೊತ್ತಿಗೆ ಉಳಿದ ಟಿಕೆಟ್ ಅರ್ಧ ರೇಟಿಗೆ. ಅದು ಕಳ್ಳ ದಂಧೆ, ಅವರಿಗೂ ಗೊತ್ತು, ನಮಗೂ ಗೊತ್ತು.

ಆದರೆ ಬ್ಲ್ಯಾಕಿನವನು ಬುಕಿಂಗ್ ಕಿಟಕಿಯ ಹೊರಗೆ ನಿಲ್ಲದೆ ಒಳಗೇ ಕೂತುಬಿಟ್ಟರೆ? ಕಿಟಕಿಯೂ ಅವನದೇ, ಥಿಯೇಟರೂ ಅವನದೇ, ತೆರೆಯ ಮೇಲಿನ ಹೀರೋನ ಡೇಟ್ಸ್ ನೋಡಿಕೊಳ್ಳುವವನೂ ಅವನೇ ಆದರೆ? ಆಗ ಓಡುವ ಪ್ರಮೇಯವೇ ಇಲ್ಲ! ರಸೀದಿ ಕೊಟ್ಟೇ ವಸೂಲಿ ಮಾಡಬಹುದು. ಅಮೆರಿಕಾದ ಸಂಗೀತ ಪ್ರಿಯರು ಹೇಳುತ್ತಿರುವ ಗೋಳು ಇದೇ.

ಟಿಕೆಟ್ಟಿಗೆ ಬಾಲ

ಟಿಕೆಟ್‌ಮಾಸ್ಟರ್ ಅನ್ನೋ ಕಂಪನಿ ಹುಟ್ಟಿದ್ದು 1976ರಲ್ಲಿ, ಅರಿಜೋನಾ ರಾಜ್ಯದಲ್ಲಿ. ಕಂಪ್ಯೂಟರಿನಲ್ಲಿ ಟಿಕೆಟ್ ಮಾರುವ ಉಪಾಯ. ಆಗ ಈ ಧಂದೆಯಲ್ಲಿ ಟಿಕೆಟ್ರಾನ್ ಎಂಬ ಇನ್ನೊಂದು ಕಂಪನಿಯದೇ ಮೇಲುಗೈ. 1991ರಲ್ಲಿ ಹೊಸಬ ಹಳಬನನ್ನು ನುಂಗಿ ನೀರು ಕುಡಿದ.

ನುಂಗುವಷ್ಟು ಬೆಳೆದದ್ದು ಹೇಗೆ ಗೊತ್ತೇ? ಟಿಕೆಟ್ ಮಾರುವ ಕಂಪನಿ ಸಭಾಂಗಣದವರಿಂದ ದುಡ್ಡು ಕೇಳುವುದು ವಾಡಿಕೆ. ಇವರು ಅದನ್ನು ಉಲ್ಟಾ ಮಾಡಿದರು. "ನೀವೇನೂ ಕೊಡಬೇಡಿ ಸ್ವಾಮಿ, ನಾವೇ ನಿಮಗೆ ಕೊಡ್ತೀವಿ. ಟಿಕೆಟ್ ಬೆಲೆಯ ಮೇಲೆ ಸೇವಾ ಶುಲ್ಕ ಅಂತ ಹಾಕೋಣ, ಅದರಲ್ಲಿ ನಿಮಗೂ ಪಾಲು. ಆದರೆ ಇಷ್ಟು ವರ್ಷ ನಮ್ಮನ್ನು ಬಿಟ್ಟು ಬೇರೆಯವರ ಕೈಲಿ ಮಾರಿಸಕೂಡದು" ಎಂಬ ಒಪ್ಪಂದ. ಯಾವ ಸಭಾಂಗಣದ ಮಾಲೀಕ ಬೇಡ ಅಂತಾನೆ? ಕೊಡುವವನು ಅಭಿಮಾನಿ, ಹಂಚಿಕೊಳ್ಳುವವರು ಇವರಿಬ್ಬರು!

ಈ ಬಾಲ ಎಷ್ಟು ಉದ್ದ ಅಂತೀರಾ? ಅಮೆರಿಕಾ ಸರ್ಕಾರದ ಲೆಕ್ಕ ತನಿಖಾ ಕಚೇರಿಯೇ 2018ರಲ್ಲಿ ಅಳತೆ ಮಾಡಿ ಹೇಳಿತು. ಮೊದಲ ಮಾರಾಟದಲ್ಲಿ ಶುಲ್ಕಗಳು ಸರಾಸರಿ ಟಿಕೆಟ್ ಬೆಲೆಯ ಶೇಕಡಾ 27. ಒಮ್ಮೆ ಕೊಂಡವನು ಮತ್ತೆ ಮಾರಿದರೆ ಸರಾಸರಿ ಶೇಕಡಾ 31. ಅಂದರೆ ಸಾವಿರದ ಟಿಕೆಟ್ಟಿಗೆ ಇನ್ನೂರ ಎಪ್ಪತ್ತು ಬಾಲ. ಅದೇ ಸೀಟು ಕೈ ಬದಲಾದರೆ ಬೆಲೆಯೂ ಏರಬಹುದು, ಅದರ ಮೇಲೆ ಮತ್ತೆ ಬಾಲ.

2023ರ ಮಾರ್ಚಿನಲ್ಲಿ ಇಂಗ್ಲೆಂಡಿನ ಹಳೆಯ ವಾದ್ಯತಂಡ 'ದಿ ಕ್ಯೂರ್' ಅಮೆರಿಕಾ ಪ್ರವಾಸ ಇಟ್ಟುಕೊಂಡಿತು. ಬಡ ಅಭಿಮಾನಿಗಳೂ ಬರಲಿ ಅಂತ ಕೆಲವು ಕಡೆ 20 ಡಾಲರಿಗೇ ಟಿಕೆಟ್ ಇಟ್ಟರು. ನೋಡಿದರೆ ಕೆಲವರಿಗೆ ಟಿಕೆಟ್ಟಿಗಿಂತ ಶುಲ್ಕವೇ ಜಾಸ್ತಿ! ಕುದುರೆಗಿಂತ ಲಗಾಮು ದುಬಾರಿ. ತಂಡದ ಗಾಯಕ ರಾಬರ್ಟ್ ಸ್ಮಿತ್ ಬಹಿರಂಗವಾಗಿ ಕೆಂಡ ಕಾರಿದ. ಕಂಪನಿ ಅತಿ ಕಡಿಮೆ ಬೆಲೆಯ ಟಿಕೆಟ್ ಕೊಂಡವರಿಗೆ ತಲಾ 10 ಡಾಲರ್, ಉಳಿದವರಿಗೆ 5 ಡಾಲರ್ ವಾಪಸು ಕೊಟ್ಟಿತು. ನನ್ನ ಪ್ರಶ್ನೆ ಇಷ್ಟೇ: ಒಬ್ಬ ಗಾಯಕ ಗದರಿದ ಕೂಡಲೇ ವಾಪಸು ಕೊಡಬಹುದಾದ ದುಡ್ಡನ್ನು ಮೊದಲು ಕಿತ್ತುಕೊಂಡದ್ದು ಯಾವ ಖರ್ಚಿಗೆ?

ಪರ್ಲ್ ಜಾಮ್ ಹಿಡಿದ ಹಟ

ಎದುರು ನಿಂತವರೇ ಇಲ್ಲವೇ ಅಂದರೆ, ಇದ್ದರು. 1994ರಲ್ಲಿ ಪರ್ಲ್ ಜಾಮ್ ಅಂದರೆ ಅಲ್ಲಿನ ಹುಡುಗರು ಪ್ರಾಣ ಬಿಡುತ್ತಿದ್ದರು. ಆ ತಂಡದವರು "ನಮ್ಮ ಟಿಕೆಟ್ 18 ಡಾಲರ್ ಮೀರಬಾರದು, ಶುಲ್ಕ 1 ಡಾಲರ್ 80 ಸೆಂಟ್ ಮೀರಬಾರದು" ಅಂತ ಗೆರೆ ಎಳೆದರು. ಟಿಕೆಟ್‌ಮಾಸ್ಟರ್ ಒಪ್ಪಲಿಲ್ಲ. ತಂಡ ಸರ್ಕಾರದ ನ್ಯಾಯ ಇಲಾಖೆಗೆ ದೂರು ಕೊಟ್ಟಿತು. ಜೂನ್ 30ರಂದು ತಂಡದ ಇಬ್ಬರು, ಸ್ಟೋನ್ ಗೊಸಾರ್ಡ್ ಮತ್ತು ಜೆಫ್ ಅಮೆಂಟ್, ಅಮೆರಿಕಾದ ಸಂಸತ್ತಿನ ಸಮಿತಿಯ ಮುಂದೆ ಕೂತು ಸಾಕ್ಷಿ ಹೇಳಿದರು. ಗಿಟಾರ್ ಹಿಡಿಯುವವರು ಅಭಿಮಾನಿಯ ಜೇಬಿನ ಪರವಾಗಿ ಸಾಕ್ಷಿ ಕಟ್ಟೆ ಹತ್ತಿದ್ದು!

ಫಲ? 1995ರ ಜುಲೈನಲ್ಲಿ ನ್ಯಾಯ ಇಲಾಖೆ ತನಿಖೆ ಮುಚ್ಚಿಬಿಟ್ಟಿತು. ಟಿಕೆಟ್‌ಮಾಸ್ಟರ್ ಇಲ್ಲದ ಜಾಗಗಳಲ್ಲೇ ಹಾಡ್ತೀವಿ ಅಂತ ಹೊರಟ ತಂಡಕ್ಕೆ ದೊಡ್ಡ ಊರಿನ ದೊಡ್ಡ ಸಭಾಂಗಣಗಳು ಸಿಗುವುದೇ ಕಷ್ಟವಾಯಿತು. ಎಲ್ಲವೂ ಅದೇ ಒಪ್ಪಂದದ ಬೀಗದೊಳಗೆ. ಎಲ್ಲೆಲ್ಲೋ ಬಯಲು, ಜಾತ್ರೆ ಮೈದಾನ ಹುಡುಕಬೇಕಾಯಿತು. 1998ರ ಹೊತ್ತಿಗೆ ತಂಡ ಅದೇ ಕಿಟಕಿಗೆ ಮರಳಿತು. ಅಷ್ಟು ದೊಡ್ಡ ತಾರೆಗಳಿಗೇ ಹೀಗಾದರೆ ಹೊಸ ಹಾಡುಗಾರನ ಪಾಡೇನು, ನೀವೇ ಊಹಿಸಿ.

ಮೂರು ಕೊಂಡಿ, ಒಂದೇ ಸರಪಳಿ

ಇಲ್ಲಿಂದ ಕಥೆಯ ದ್ವಿತೀಯಾರ್ಧ. ಸಂಗೀತ ಕಾರ್ಯಕ್ರಮಗಳನ್ನು ಏರ್ಪಡಿಸುವ ಧಂದೆಯಲ್ಲಿ ಲೈವ್ ನೇಷನ್ ಎಂಬ ಭಾರಿ ಕುಳ ಇತ್ತು. 2005ರಲ್ಲಿ ಕ್ಲಿಯರ್ ಚಾನೆಲ್ ಎಂಬ ರೇಡಿಯೋ ಸಾಮ್ರಾಜ್ಯದಿಂದ ಬೇರೆಯಾದದ್ದು. 2010ರ ಜನವರಿಯಲ್ಲಿ ಲೈವ್ ನೇಷನ್ನಿಗೂ ಟಿಕೆಟ್‌ಮಾಸ್ಟರ್‌ಗೂ ಮದುವೆ ಆಯಿತು. ಸರ್ಕಾರವೇ ಪುರೋಹಿತ! "ನಿಮ್ಮ ಟಿಕೆಟ್ ಬೇಡ ಅಂದ ಸಭಾಂಗಣದ ಮೇಲೆ ಸೇಡು ತೀರಿಸಿಕೊಳ್ಳಬಾರದು" ಮುಂತಾದ ಷರತ್ತು ಹಾಕಿ ಅಕ್ಷತೆ ಹಾಕಿತು. ಹತ್ತು ವರ್ಷ ಕಳೆಯುವ ಮೊದಲೇ, 2019ರಲ್ಲಿ, ಅದೇ ನ್ಯಾಯ ಇಲಾಖೆ "ಷರತ್ತು ಮತ್ತೆ ಮತ್ತೆ ಮುರಿದಿದ್ದೀರಿ" ಅಂತ ಹೇಳಿ ಷರತ್ತಿನ ಅವಧಿಯನ್ನೇ ಎಳೆಯಬೇಕಾಯಿತು.

ನಮ್ಮ ಭಾಷೆಯಲ್ಲಿ ಹೇಳುತ್ತೇನೆ ಕೇಳಿ. ಸಿನಿಮಾಕ್ಕೆ ನಿರ್ಮಾಪಕ ಒಬ್ಬ, ಹಂಚಿಕೆದಾರ ಒಬ್ಬ, ಪ್ರದರ್ಶಕ ಒಬ್ಬ. ಮೂವರೂ ಜಗಳಾಡ್ತಾರೆ, ಲೆಕ್ಕ ಕೇಳ್ತಾರೆ, ಅದರಿಂದಲೇ ಒಬ್ಬರನ್ನೊಬ್ಬರು ಹದ್ದುಬಸ್ತಿನಲ್ಲಿ ಇಡ್ತಾರೆ. ಅಲ್ಲಿ ನೋಡಿ: 2024ರ ಮೇ 23ರಂದು ನ್ಯಾಯ ಇಲಾಖೆಯೂ ಹಲವಾರು ರಾಜ್ಯಗಳೂ ಸೇರಿ ಹೂಡಿದ ಮೊಕದ್ದಮೆಯ ಆರೋಪದ ಪ್ರಕಾರ, ಈ ಒಂದೇ ಕಂಪನಿ 400ಕ್ಕೂ ಹೆಚ್ಚು ಕಲಾವಿದರ ವ್ಯವಹಾರ ನೋಡಿಕೊಳ್ಳುತ್ತದೆ, ಉತ್ತರ ಅಮೆರಿಕಾದಲ್ಲಿ 265ಕ್ಕೂ ಹೆಚ್ಚು ಸಭಾಂಗಣಗಳ ಮೇಲೆ ಹಿಡಿತ ಇಟ್ಟಿದೆ, ಮತ್ತು ದೊಡ್ಡ ಸಭಾಂಗಣಗಳ ಮೊದಲ ಟಿಕೆಟ್ ಮಾರಾಟದಲ್ಲಿ ಶೇಕಡಾ 80ರಷ್ಟು ಅದರ ಕೈಲೇ. ನಮ್ಮ ಟಿಕೆಟ್ ಕಿಟಕಿ ಬೇಡವೇ, ಹಾಗಾದರೆ ನಮ್ಮ ಕಲಾವಿದರು ನಿಮ್ಮಲ್ಲಿಗೆ ಬರುವುದೂ ಅನುಮಾನ ಎಂಬ ಹೆದರಿಕೆಯಲ್ಲೇ ಸಭಾಂಗಣದವರು ಬದುಕಬೇಕು ಎಂಬುದು ಆರೋಪದ ತಿರುಳು.

ಕಂಪನಿಯ ಮಾತನ್ನೂ ಹೇಳಬೇಕಲ್ಲ. "ಶುಲ್ಕ ನಿಗದಿ ಮಾಡುವವರು ಸಭಾಂಗಣದವರು, ಹೆಚ್ಚಿನ ಪಾಲೂ ಅವರಿಗೇ ಹೋಗುತ್ತೆ. ಟಿಕೆಟ್ ಬಾಚುವವರು ಬಾಟ್ ಎಂಬ ಕಂಪ್ಯೂಟರ್ ಕಳ್ಳರು" ಅನ್ನುವುದು ಅವರ ವಾದ. ಇದರಲ್ಲಿ ಸುಳ್ಳಿಲ್ಲ. ಬಾಟ್‌ಗಳ ವಿರುದ್ಧ ಅಮೆರಿಕಾ 2016ರಲ್ಲೇ ಕಾನೂನು ಮಾಡಿದೆ. ಆದರೆ ಸಭಾಂಗಣವೂ ನಿಮ್ಮದೇ ಆಗಿರುವಾಗ "ಸಭಾಂಗಣದವರು ತಗೊಂಡ್ರು" ಅಂದರೆ ಹೇಗೆ ಸ್ವಾಮಿ? ಎಡಗೈ ಮೇಲೆ ಬಲಗೈ ದೂರು ಹೇಳಿದ ಹಾಗಾಯಿತು.

2022ರ ನವೆಂಬರ್ 15ರಂದು ಟೇಲರ್ ಸ್ವಿಫ್ಟ್ ಪ್ರವಾಸದ ಮುಂಗಡ ಮಾರಾಟ. 35 ಲಕ್ಷ ಜನ ಮೊದಲೇ ಹೆಸರು ನೋಂದಾಯಿಸಿದ್ದರು. ಒಂದೇ ದಿನದಲ್ಲಿ 20 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದವು ನಿಜ. ಆದರೆ ಯಂತ್ರ ಕುಸಿದು, ಗಂಟೆಗಟ್ಟಲೆ ಕಾದವರು ಬರಿಗೈಲಿ ಹೋದರು. ಸಾರ್ವಜನಿಕರಿಗೆ ಇಟ್ಟಿದ್ದ ನವೆಂಬರ್ 18ರ ಮಾರಾಟವನ್ನೇ ರದ್ದು ಮಾಡಿದರು. ನಮ್ಮ ಕಡೆ ಹೀಗಾಗಿದ್ದರೆ ಥಿಯೇಟರಿನ ಗಾಜು ಉಳಿಯುತ್ತಿರಲಿಲ್ಲ! ಅಲ್ಲಿ 2023ರ ಜನವರಿ 24ರಂದು ಸೆನೆಟ್ ಸಮಿತಿ ವಿಚಾರಣೆ ಕರೆಯಿತು.

ಆ ವಿಚಾರಣೆಯಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ದೊಡ್ಡವರ ಭಾಷಣವಲ್ಲ. ಕ್ಲೈಡ್ ಲಾರೆನ್ಸ್ ಎಂಬ ಸಣ್ಣ ತಂಡದ ಹಾಡುಗಾರ ಇಟ್ಟ ಲೆಕ್ಕ. ಟಿಕೆಟ್ 30 ಡಾಲರ್, ಮೇಲೆ ಶುಲ್ಕ 12, ಅಭಿಮಾನಿ ಕೊಟ್ಟದ್ದು 42. ಅದರಲ್ಲಿ ತಂಡದ ಕೈಗೆ ಬಂದದ್ದು 12. ಪ್ರವಾಸದ ಖರ್ಚು ಕಳೆದರೆ ಉಳಿದದ್ದು 6 ಡಾಲರ್, ಎಂಟು ಜನಕ್ಕೆ! ಟಿಕೆಟ್ ಮಾರಿದ್ದಕ್ಕೆ ಹನ್ನೆರಡು, ಹಾಡಿದ್ದಕ್ಕೆ ಆರು. ಅಭಿಮಾನಿ ಮಾತ್ರ ತಾನು ಕೊಟ್ಟದ್ದೆಲ್ಲಾ ತನ್ನ ಹಾಡುಗಾರನಿಗೆ ಸೇರಿತು ಅಂತ ಸಂತೋಷದಲ್ಲಿರ್ತಾನೆ.

1948ರಲ್ಲಿ ಸಿನಿಮಾಕ್ಕೆ ಮಾಡಿದ್ದು

ಸಿನಿಮಾ ಪತ್ರಿಕೆಗೂ ಇದಕ್ಕೂ ನಂಟು ಇಲ್ಲಿದೆ ನೋಡಿ. ಇದೇ ಅಮೆರಿಕಾದಲ್ಲಿ ಒಂದು ಕಾಲಕ್ಕೆ ಪ್ಯಾರಾಮೌಂಟ್, ಎಂ.ಜಿ.ಎಂ., ವಾರ್ನರ್, ಫಾಕ್ಸ್, ಆರ್.ಕೆ.ಓ. ಕಂಪನಿಗಳು ಚಿತ್ರವನ್ನೂ ತೆಗೆಯುತ್ತಿದ್ದವು, ಹಂಚಿಕೆಯನ್ನೂ ಮಾಡುತ್ತಿದ್ದವು, ಥಿಯೇಟರುಗಳನ್ನೂ ಇಟ್ಟುಕೊಂಡಿದ್ದವು. "ದೊಡ್ಡ ಸ್ಟಾರಿನ ಚಿತ್ರ ಬೇಕಾದರೆ ಜೊತೆಗೆ ಈ ಡಬ್ಬಾ ಚಿತ್ರಗಳನ್ನೂ ಗಂಟು ಕಟ್ಟಿಕೊಂಡು ಹೋಗು" ಅಂತ ಸ್ವತಂತ್ರ ಥಿಯೇಟರಿನವರ ಕುತ್ತಿಗೆ ಹಿಡಿಯುತ್ತಿದ್ದವು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದಕ್ಕೆ ಕತ್ತರಿ ಹಾಕಿತು. ಸ್ಟುಡಿಯೋಗಳು ಥಿಯೇಟರುಗಳನ್ನು ಕಳಚಿಕೊಳ್ಳಬೇಕಾಯಿತು. ಆಮೇಲೆ ಸಿನಿಮಾ ಸತ್ತುಹೋಯಿತೇ? ಇಲ್ಲ. ಸ್ವತಂತ್ರ ನಿರ್ಮಾಪಕರಿಗೆ ಬಾಗಿಲು ತೆರೆಯಿತು. ಆ ಕಟ್ಟಳೆಯನ್ನು 2020ರಲ್ಲಿ ತೆಗೆದುಹಾಕಿದರು, ಅದು ಬೇರೆ ಮಾತು. ತೆರೆಗೂ ಕಿಟಕಿಗೂ ನಡುವೆ ಒಂದು ಗೋಡೆ ಇರಬೇಕು ಅನ್ನೋ ಬುದ್ಧಿ ಸಿನಿಮಾದವರಿಗೆ ಬಂದಿತ್ತು. ಸಂಗೀತಕ್ಕೆ 2010ರಲ್ಲಿ ಗೋಡೆ ಒಡೆಯಲು ಸರ್ಕಾರವೇ ಹಾರೆ ಕೊಟ್ಟಿತು.

ನಮ್ಮೂರಿಗೆ ಬಂದರೆ

ಇಲ್ಲೇನು ಎಲ್ಲಾ ಸರಿಯಾಗಿದೆಯಾ? 2024ರ ಸೆಪ್ಟೆಂಬರ್ 22ರಂದು ಮುಂಬಯಿಯ ಕೋಲ್ಡ್‌ಪ್ಲೇ ಕಾರ್ಯಕ್ರಮಕ್ಕೆ ಬುಕ್‌ಮೈಶೋನಲ್ಲಿ ಟಿಕೆಟ್ ಬಿಟ್ಟಾಗ ಬೆಲೆ 2,500 ರೂಪಾಯಿಯಿಂದ 35,000ದವರೆಗೆ ಇತ್ತು. ಕ್ಯೂನಲ್ಲಿ ಲಕ್ಷಗಟ್ಟಲೆ ಜನ. ಸ್ವಲ್ಪ ಹೊತ್ತಿನಲ್ಲೇ ಮರುಮಾರಾಟದ ಜಾಗಗಳಲ್ಲಿ ಅವೇ ಟಿಕೆಟ್ಟಿಗೆ ಲಕ್ಷಗಳ ಬೆಲೆ. ಪೊಲೀಸರು ಕಂಪನಿಯವರನ್ನು ಕರೆಸಿ ವಿಚಾರಿಸಿದರು. ತಮಗೂ ಆ ಕಾಳಸಂತೆಗೂ ಸಂಬಂಧವಿಲ್ಲ ಅಂತ ಕಂಪನಿ ಹೇಳಿತು. ಅದಕ್ಕೂ ಮೊದಲು, 2022ರಲ್ಲಿ, ಸಿನಿಮಾ ಟಿಕೆಟ್ ಮಾರಾಟದಲ್ಲಿ ಇದೇ ಕಂಪನಿ ತನ್ನ ಬಲವನ್ನು ದುರುಪಯೋಗ ಮಾಡಿಕೊಳ್ಳುತ್ತಿದೆ ಎಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ ತನಿಖೆಗೆ ಆದೇಶ ಕೊಟ್ಟಿತ್ತು. ಕರ್ನಾಟಕ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಸಿನಿಮಾ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಆ ಗಲಾಟೆಯಲ್ಲಿ ಎಲ್ಲರೂ ಟಿಕೆಟ್ಟಿನ ಬೆಲೆ ಮಾತಾಡಿದರು, ಬಾಲದ ಮಾತು ಯಾರೂ ದೊಡ್ಡದಾಗಿ ಎತ್ತಲಿಲ್ಲ.

ನಾನು ಮೊಬೈಲಿನಲ್ಲಿ ಟಿಕೆಟ್ ತೆಗೆದಾಗಲೆಲ್ಲ ಕೊನೆಯ ಪುಟದಲ್ಲಿ 'ಅನುಕೂಲ ಶುಲ್ಕ' ಅಂತ ಒಂದು ಸಾಲು ಬಂದು ಕೂರುತ್ತೆ, ಅದರ ಮೇಲೆ ತೆರಿಗೆ ಬೇರೆ. ಕ್ಯೂ ನಿಂತವನು ನಾನು, ಸೀಟು ಹುಡುಕಿದವನು ನಾನು, ಟೈಪು ಮಾಡಿದವನು ನಾನು. ಯಾರ ಅನುಕೂಲಕ್ಕೆ ಈ ಶುಲ್ಕ?

ಬೈದುಕೊಂಡು ಸುಮ್ಮನಾದರೆ ಏನೂ ಆಗಲ್ಲ, ಗೆಳೆಯರೇ. ಕೇಳಿದ ಕಡೆ ಅಷ್ಟಿಷ್ಟು ಆಗಿದೆ. ಅಮೆರಿಕಾದಲ್ಲಿ 2025ರ ಮೇ 12ರಿಂದ ಶುಲ್ಕ ಸೇರಿಸಿದ ಪೂರ್ತಿ ಬೆಲೆಯನ್ನು ಮೊದಲ ಪುಟದಲ್ಲೇ ತೋರಿಸಬೇಕು ಎಂಬ ನಿಯಮ ಬಂತು. ಶುಲ್ಕ ಇಳಿಯಲಿಲ್ಲ, ಆದರೆ ಬಚ್ಚಿಡುವಂತಿಲ್ಲ. ಇಂಗ್ಲೆಂಡಿನಲ್ಲಿ 2024ರ ಆಗಸ್ಟ್ 31ರಂದು ಒಯಾಸಿಸ್ ತಂಡದ ಟಿಕೆಟ್ ಮಾರುವಾಗ ನಿಂತು ನೋಡುವ ಜಾಗಕ್ಕೇ ಎರಡು ಬೆಲೆ ಇಟ್ಟಿದ್ದರು. ಅಗ್ಗದ್ದು ಮುಗಿಯಿತು ಅನ್ನುವುದು ಕಾದು ಕಾದು ಒಳಗೆ ಹೋದ ಮೇಲೇ ಗೊತ್ತಾಗಿದ್ದು. 148 ಪೌಂಡ್ ಅಂದುಕೊಂಡು ನಿಂತವರು 355 ಕೊಡಬೇಕಾಯಿತು. ಜನ ಬೊಬ್ಬೆ ಹೊಡೆದರು, ಸರ್ಕಾರದ ಸಂಸ್ಥೆ ವಿಚಾರಿಸಿತು. 2025ರ ಸೆಪ್ಟೆಂಬರಿನಲ್ಲಿ ಕಂಪನಿ, ಹೀಗೆ ಎರಡು ಬೆಲೆ ಇದ್ದರೆ 24 ಗಂಟೆ ಮೊದಲೇ ತಿಳಿಸುತ್ತೇವೆ ಅಂತ ಬರೆದುಕೊಟ್ಟಿತು.

ಆದ್ದರಿಂದ ನಮ್ಮ ಅಭಿಮಾನಿ ಸಂಘಗಳಿಗೆ ನನ್ನದೊಂದು ಮಾತು. ಕಟೌಟಿಗೆ ಹಾರ ಹಾಕಿ, ಬೇಡ ಅನ್ನಲ್ಲ. ಅದರ ಜೊತೆಗೆ ನಿಮ್ಮ ಹೀರೋನ ಮನೆ ಬಾಗಿಲಿಗೆ ಹೋದಾಗ ಇನ್ನೊಂದು ಕೇಳಿ: "ಅಣ್ಣಾ, ನಿಮ್ಮ ಚಿತ್ರಕ್ಕೆ ನಾವು ಕೊಡೋ ದುಡ್ಡಿನಲ್ಲಿ ಬಾಲ ಎಷ್ಟು, ಅದು ಯಾರಿಗೆ ಹೋಗುತ್ತೆ? ಕಿಟಕಿಯಲ್ಲಿ ಒಂದಷ್ಟು ಟಿಕೆಟ್ ಶುಲ್ಕವಿಲ್ಲದೆ ಕೈಗೆ ಸಿಗೋ ಹಾಗೆ ಮಾಡಿಸ್ತೀರಾ?" ರಾಬರ್ಟ್ ಸ್ಮಿತ್ ಗದರಿದ್ದಕ್ಕೆ ಹತ್ತು ಡಾಲರ್ ವಾಪಸು ಬಂತು. ನಮ್ಮ ತಾರೆಯರ ಮಾತಿಗೆ ಅಷ್ಟೂ ಬೆಲೆ ಇಲ್ಲವೇ? ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡು ದುಡಿದ ಹುಡುಗ ಶುಕ್ರವಾರ ಮೊದಲ ಆಟಕ್ಕೆ ಬರ್ತಾನೆ. ಅವನು ಕೊಟ್ಟ ರೂಪಾಯಿ ತೆರೆಯ ಮೇಲಿನವರಿಗೂ ತೆರೆಯ ಹಿಂದೆ ದುಡಿದವರಿಗೂ ಮುಟ್ಟಲಿ. ಉತ್ತರ ಏನು ಬಂತು ಅಂತ ನನಗೂ ಒಂದು ಸಾಲು ಬರೆಯಿರಿ, ಇದೇ ಪುಟದಲ್ಲಿ ಹಾಕೋಣ. ಮುಂದಿನ ವಾರ ಸಿಗೋಣ.