ಮನವಿ ಕೊಟ್ಟು ಫೋಟೋ ತೆಗೆಸಿದರೆ ಕನ್ನಡ ಉಳಿದೀತೆ?

ಕನ್ನಡದ ಕಟ್ಟಾಳುಗಳೇ,

ನವೆಂಬರ್ ಬಂತೆಂದರೆ ಪಾಲಿಕೆ ಕಚೇರಿಯ ಮೆಟ್ಟಿಲ ಮೇಲೆ ಒಂದು ನಾಟಕ ತಪ್ಪದೆ ನಡೆಯುತ್ತದೆ. ಹೆಗಲಿಗೆ ಅರಿಶಿನ-ಕುಂಕುಮ ಬಣ್ಣದ ಶಲ್ಯ, ಬಾಯಲ್ಲಿ ಜೈಕಾರ. ಅಧಿಕಾರಿ ಹೊರಗೆ ಬರುತ್ತಾನೆ. ಇಪ್ಪತ್ತು ಕೈಗಳು ಒಂದೇ ಕಾಗದ ಹಿಡಿಯುತ್ತವೆ. ಫೋಟೋ! 'ಪರಿಶೀಲಿಸುತ್ತೇವೆ' ಎಂಬ ಒಂದು ಮಾತು. ಆಮೇಲೆ ನಾವು ಮನೆಗೆ, ಮನವಿ ಕಸದ ಬುಟ್ಟಿಗೆ!

ನಾವು ಬೇಡುತ್ತಿರುವುದಾದರೂ ಏನನ್ನು? ಹೊಸದೇನನ್ನೋ? ಕನ್ನಡ ಈ ರಾಜ್ಯದ ಆಡಳಿತ ಭಾಷೆ ಎಂಬ ಕಾನೂನು 1963ರಲ್ಲೇ ಬಂದಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2022ರದು. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕೆಂದು 2024ರ ತಿದ್ದುಪಡಿ ಹೇಳುತ್ತದೆ. ಇದ್ದ ಕಾನೂನನ್ನು ಜಾರಿ ಮಾಡಿ ಎಂದು ಕೈಮುಗಿಯಬೇಕೆ? ಅದು ಅವರ ಕರ್ತವ್ಯ, ನಮ್ಮ ಹಕ್ಕು!

'ಮನವಿ ಯಾಕೆ, ಕಲ್ಲು ಸಾಕು' ಎನ್ನುವ ಬಿಸಿರಕ್ತದ ತಮ್ಮಂದಿರಿದ್ದಾರೆ. ಒಪ್ಪುತ್ತೇವೆ, 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿ ಕಾವೇರದಿದ್ದರೆ ವಿಧಾನಸೌಧಕ್ಕೆ ಅಷ್ಟು ಬೇಗ ಎಚ್ಚರವಾಗುತ್ತಿರಲಿಲ್ಲ. ಆದರೆ ಒಡೆದ ಬೋರ್ಡಿನ ಜಾಗಕ್ಕೆ ಅಂಗಡಿಯವನು ಇನ್ನೊಂದು ಹಾಕುತ್ತಾನೆ. ಮೊಕದ್ದಮೆ ಮಾತ್ರ ನಮ್ಮ ಹುಡುಗನ ಕೊರಳಿಗೆ ಬೀಳುತ್ತದೆ. ಕೋರ್ಟಿಗೆ ಅಲೆಯುವವಳು ಅವನ ತಾಯಿ.

ಹಾಗಾದರೆ ದಾರಿ ಯಾವುದು? ಕಾಗದವನ್ನೇ ಆಯುಧ ಮಾಡಿಕೊಳ್ಳಿ!

'ಎಲ್ಲೆಡೆ ಕನ್ನಡ ಜಾರಿಯಾಗಲಿ' ಎಂದು ಬರೆದರೆ ಯಾರಿಗೂ ಬಿಸಿ ತಟ್ಟುವುದಿಲ್ಲ. ರಸ್ತೆಯ ಹೆಸರು, ಅಂಗಡಿಯ ಹೆಸರು, ದಿನಾಂಕ, ಫೋಟೋ ಎಲ್ಲ ಲಗತ್ತಿಸಿ. ಒಂದು ರಸ್ತೆಗೆ ಒಂದು ಅರ್ಜಿ. ಅಧಿಕಾರಿಯ ಕೈಗಲ್ಲ, ಟಪಾಲು ವಿಭಾಗಕ್ಕೆ ಕೊಡಿ. ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಬೀಳುವವರೆಗೆ ಅಲ್ಲಿಂದ ಕದಲಬೇಡಿ. ಮೊಹರಿಲ್ಲದ ಮನವಿ ಕೊಡದ ಮನವಿಯೇ!

ಉತ್ತರ ಬರಲಿಲ್ಲವೋ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ ಕಟ್ಟಿ. ನಮ್ಮ ರಾಜ್ಯದ ನಿಯಮದಂತೆ 150 ಪದ ಮೀರದೆ, ಒಂದೇ ವಿಷಯ ಹಿಡಿದು ಕೇಳಿ: ನಮ್ಮ ಅರ್ಜಿಯ ಕಡತ ಯಾರ ಮೇಜಿನ ಮೇಲಿದೆ? ಎಷ್ಟು ಅಂಗಡಿಗಳಿಗೆ ನೋಟೀಸು ಹೋಗಿದೆ? 30 ದಿನದೊಳಗೆ ಉತ್ತರ ಕೊಡಲೇಬೇಕು. ಕೊಡದಿದ್ದರೆ ಮೇಲ್ಮನವಿ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ಅದನ್ನೇ ಹೊಸ ದೂರಿಗೆ ಲಗತ್ತಿಸಿ!

ಬೆಂಗಳೂರಿಗರು ಒಂದು ಮಾತು ನೆನಪಿಡಬೇಕು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ನಗರ 5 ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆ ನಡೆಯಲಿಲ್ಲ. ಐದು ವರ್ಷ ವಾರ್ಡಿನ ಪರವಾಗಿ ಕೇಳುವ ಸದಸ್ಯನಿಲ್ಲದೆ ಅಧಿಕಾರಿಗಳದೇ ದರ್ಬಾರು! ಅಂಥ ಕಚೇರಿಗೆ ಫೋಟೋದ ಭಯವಿಲ್ಲ, ದಾಖಲೆಯ ಭಯವಿದೆ.

ಗೆಳೆಯರೇ, ಈ ನವೆಂಬರಿಗೆ ಶಲ್ಯದ ಜೊತೆ ಒಂದು ಕಡತವನ್ನೂ ಕೊಳ್ಳಿ. ಡಿಸೆಂಬರಿನಲ್ಲೂ ಅದೇ ಮೆಟ್ಟಿಲು ಹತ್ತಿ, ಜನವರಿಯಲ್ಲೂ ಹತ್ತಿ. ಒಂದು ದಿನದ ಅಭಿಮಾನಕ್ಕೆ ಯಾವ ಕುರ್ಚಿಯೂ ಅಲುಗುವುದಿಲ್ಲ.

ಸಿರಿಗನ್ನಡಂ ಗೆಲ್ಗೆ!